ನಾವು ದಾವಣಗೆರೆಯವರು. ಬೀರುವಿನಲ್ಲಿರುವ ಅಜ್ಜಿಯ ಮೊಳಕಾಲ್ಮೂರು ರೇಷ್ಮೆ ಸೀರೆಯಿಂದ, ರೆಕ್ಸಿನ್ ಹರಿದ ಹಳೆ ತೇಗದ ಸೋಫಾಗೆ ಹೊದಿಕೆ ಹಾಕಿದರೆ ಖರ್ಚು ಉಳಿಯುತ್ತಾ? ಬೇರೆ ಯಾವ ಬಟ್ಟೆ ಒಳ್ಳೆಯದು?

ತೇಗದ ಸೋಫಾ, ಹರಿದ ರೆಕ್ಸಿನ್, ಬೀರುವಿನಲ್ಲಿ ಸುಮ್ನೆ ಬಿದ್ದಿರುವ ರೇಷ್ಮೆ ಸೀರೆ. ನಾವೂ ದಾವಣಗೆರೆಯವರೇ, ನಮ್ಮ ಮನೆಯಲ್ಲೂ ಇದೇ ಕಥೆ. ಸೀರೆ ಮಾತ್ರ ನಮ್ಮತ್ತೆಯದು. "ಬೀರುವಿನಲ್ಲಿ ಇಟ್ಟು ಏನ್ ಮಾಡೋದು, ಕಣ್ಣೆದುರಿಗೆ ಇರಲಿ ತಗೊಳಮ್ಮ" ಅಂತ ಅವರೇ ತೆಗೆದುಕೊಟ್ಟರು.

ಕೆಲಸದವರನ್ನು ಕರೆಯಲಿಲ್ಲ. ವಿಡಿಯೋ ನೋಡಿದ್ದೆ, ಸ್ಟೇಪ್ಲರ್ ಗನ್ ತರಿಸಿದ್ದೆ, ಇನ್ನೇನು ಬೇಕು? ರೆಕ್ಸಿನ್ ಕಿತ್ತರೆ ಮನೆಯೆಲ್ಲ ಧೂಳು ಅಂತ ಅದರ ಮೇಲೇ ಸೀರೆ ಬಿಗಿಯಾಗಿ ಎಳೆದು ಪಿನ್ ಹೊಡೆದೆ. ಸೆರಗು ಒರಗುವ ಕಡೆಗೆ, ಒಡಲು ಕೂರುವ ಕಡೆಗೆ. ಸಂಜೆ ಹೊತ್ತಿಗೆ ಸೋಫಾ ಮದುವಣಗಿತ್ತಿ ಥರ ಕಾಣುತ್ತಿತ್ತು. ಹಬ್ಬಕ್ಕೆ ಬಂದ ದೊಡ್ಡಪ್ಪ ಕೂತರು. ಚರ್ರ್ ಅಂತು.

ದೊಡ್ಡಪ್ಪ ಏನೂ ದಪ್ಪ ಇಲ್ಲ. ಕೂತವರ ಭಾರವನ್ನು ಹೊರಬೇಕಾದ್ದು ಚೌಕಟ್ಟಿಗೆ ಅಡ್ಡ-ಉದ್ದ ಬಿಗಿದಿರುವ ಪಟ್ಟಿ, ಅದರ ಮೇಲಿನ ಫೋಮ್ ಅಥವಾ ತೆಂಗಿನ ನಾರು. ನಮ್ಮ ಸೋಫಾದಲ್ಲಿ ಪಟ್ಟಿ ಜೋತುಬಿದ್ದಿತ್ತು, ಫೋಮ್ ಒಳಗೊಳಗೇ ಪುಡಿಯಾಗಿತ್ತು. ರೆಕ್ಸಿನ್ ಸ್ವಲ್ಪ ಹಿಗ್ಗುತ್ತೆ, ಅದಕ್ಕೇ ಇಷ್ಟು ದಿನ ಗೊತ್ತಾಗಿರಲಿಲ್ಲ. ಬಿಗಿದು ಪಿನ್ ಹೊಡೆದ ರೇಷ್ಮೆ ಅಷ್ಟು ಹಿಗ್ಗಲ್ಲ. ಒಳಗಿನದು ಕುಸಿದಾಗ ಇಡೀ ಭಾರ ಸೀರೆ ಮೇಲೆ ಬಿತ್ತು. ಅದೂ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದ ಸೀರೆ. ಮಡಿಕೆಯ ಗೆರೆಯಲ್ಲಿ ರೇಷ್ಮೆ ಎಳೆ ಸೋತಿರುತ್ತೆ, ಜರಿ ಇರುವ ಕಡೆ ಇನ್ನೂ ಜಾಸ್ತಿ. ಹರಿದದ್ದು ಸರಿಯಾಗಿ ಆ ಗೆರೆಗುಂಟ. ಪಿನ್ ಹೊಡೆದಲ್ಲೂ ಅಷ್ಟೇ, ಎಳೆ ಜಾರಿ ತೂತು ದೊಡ್ಡದಾಗಿತ್ತು. ರಫು ಮಾಡುವವರ ಹತ್ತಿರ ಒಯ್ದೆ. ಹೊಲಿದರೆ ಪಕ್ಕದಲ್ಲೇ ಹರಿಯುತ್ತೆ ಅಂದರು. ಅತ್ತೆ ಏನೂ ಅನ್ನಲಿಲ್ಲ. ಸೆರಗಿನ ತುಂಡು ಬಿಚ್ಚಿಸಿಕೊಂಡು ಒಳಗೆ ಎತ್ತಿಟ್ಟರು. ಬೈದಿದ್ದರೇ ವಾಸಿಯಿತ್ತು.

ಅದಕ್ಕೇ ಹೇಳೋದು, ಯಾವ ಬಟ್ಟೆ ಅನ್ನೋದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಸೋಫಾ ಬೋರಲು ಹಾಕಿ. ಅಡಿಯ ಬಟ್ಟೆ ಬಿಚ್ಚಿ ಪಟ್ಟಿಯನ್ನು ಅಂಗೈಯಿಂದ ಒತ್ತಿ ನೋಡಿ. ಸಡಿಲ ಇದ್ದರೆ ಹೊಸ ಪಟ್ಟಿ ಬೇಕು. ಫೋಮ್ ಹಿಂಡಿದಾಗ ಪುಡಿ ಉದುರಿದರೆ ಅದೂ ಬೇಕು. ಕೂರುವ ಜಾಗಕ್ಕೆ 40 ಡೆನ್ಸಿಟಿ (ಫೋಮ್ ಎಷ್ಟು ಒತ್ತಾಗಿದೆ ಅನ್ನೋ ಅಳತೆ) ಕೇಳಿ, ಒರಗುವುದಕ್ಕೆ 32 ಸಾಕು. ಇನ್ನು ಖರ್ಚು. ಸೀರೆ ಹಾಕಿದರೆ ಉಳಿಯೋದು ಬಟ್ಟೆ ದುಡ್ಡು ಮಾತ್ರ ಅಲ್ವಾ? ಪಟ್ಟಿ, ಫೋಮ್, ಕೂಲಿ ಎಲ್ಲಿಗೆ ಹೋಗುತ್ತೆ?

ಬಟ್ಟೆ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು, ಮಂಡಿಪೇಟೆ ಸುತ್ತಿದರೆ ಬಟ್ಟೆಗೇನು ಬರ ಇಲ್ಲ. ಆದರೆ ಪರದೆ ಬಟ್ಟೆ ತೋರಿಸಿ "ಇದೂ ನಡೆಯುತ್ತೆ ಅಕ್ಕಾ" ಅಂದರೆ ಒಪ್ಪಬೇಡಿ. ಸೋಫಾ ಬಟ್ಟೆಯನ್ನೇ ಕೇಳಿ, ಅದರ ಅಗಲ ಸಾಮಾನ್ಯವಾಗಿ 54 ಇಂಚು. ಬೆಳಕಿಗೆ ಹಿಡಿದಾಗ ಆಚೆ ಕಂಡರೆ ಬೇಡ. ಜಿಪ್ ಇರುವ ಕವರ್ ಹೊಲಿಸುವುದಾದರೆ ಹತ್ತಿ ಬಟ್ಟೆಯನ್ನು ಮೊದಲು ಒಗೆದು ಒಣಗಿಸಿ ಆಮೇಲೆ ಅಳತೆ ಕೊಡಿ, ಇಲ್ಲದಿದ್ದರೆ ಮುಂದೆ ಕುಗ್ಗಿ ಏರುವುದೇ ಇಲ್ಲ. ವೆಲ್ವೆಟ್ ನಮ್ಮೂರ ಧೂಳಿಗೆ ಆಗಿಬರಲ್ಲ. ಎಷ್ಟು ಜನ ಹೊಗಳಿದರೂ ನಾನು ಒಪ್ಪಲ್ಲ.

ನೀವೇ ಪಿನ್ ಹೊಡೆಯುವುದಾದರೆ ನಾಲ್ಕೂ ಬದಿಯ ನಡುವೆ ಮೊದಲು ಹೊಡೆಯಿರಿ, ಎದುರುಬದಿರು ಎಳೆಯುತ್ತಾ ಹೋಗಿ, ಮೂಲೆ ಕೊನೆಗೆ. ಒಂದು ಮೂಲೆಯಿಂದ ಶುರು ಮಾಡಿದರೆ ಬಟ್ಟೆ ಸೊಟ್ಟ ಆಗುತ್ತೆ.

ಸೀರೆಗೆ ಕತ್ತರಿ ಮುಟ್ಟಿಸಬೇಡಿ. ದಸರೆಗೆ ಗೊಂಬೆ ಕೂರಿಸಿದರೆ ಹಿಂದೆ ಪರದೆಯಾಗಿ ಕಟ್ಟಿ, ಬಿಸಿಲು ಬೀಳದ ಕಡೆ. ಮತ್ತೆ ಒಳಗಿಡುವಾಗ ಮಡಿಕೆ ಬದಲಿಸಿ. ಸೋಫಾ ಕೆಲಸದವರಿಗೇ ಕೊಡುವುದಾದರೆ, ಹೊಸ ಪಟ್ಟಿ ಹೊಡೆದ ಮೇಲೆ, ಫೋಮ್ ಇಡುವ ಮುಂಚೆ ಒಂದು ಫೋಟೊ ಕಳಿಸಿ ಅಂತ ಹೇಳಿ. ಕಳಿಸಲ್ಲ ಅಂದರೆ ಬೇರೆಯವರನ್ನು ನೋಡಿ.