ಓದುಗರ ಪ್ರಶ್ನೆ: ಮಂಗಳನ ನೆಲವನ್ನು ಮೇಲಿನಿಂದ ಓದುವ ಬಗೆ

ಮಂಗಳ ಗ್ರಹವನ್ನು ಸುತ್ತುತ್ತಿರುವ ನೌಕೆಗಳು ಕಳುಹಿಸಿದ ಚಿತ್ರಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಶಿವಮೊಗ್ಗ ಮತ್ತು ಸುತ್ತಲಿನ ಮಲೆನಾಡಿನ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಹೆಚ್ಚು ಬಿಡಿಸಿ ಬರೆದ ಪತ್ರವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಂಗಳನನ್ನು ಸುತ್ತುತ್ತಿರುವ ನಾಸಾದ ಎಂ.ಆರ್.ಒ. (ಮಾರ್ಸ್ ರಿಕನೈಸನ್ಸ್ ಆರ್ಬಿಟರ್) ನೌಕೆಯ ಹೈರೈಸ್ ಕ್ಯಾಮೆರಾದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ನೋಡುತ್ತಿರುತ್ತೇನೆ. ವಿವರಣೆಯಲ್ಲಿ ಕುಳಿ ಎಂದು ಬರೆದಿರುವುದು ಎಷ್ಟೋ ಸಲ ನನಗೆ ದಿಬ್ಬದಂತೆ ಕಾಣುತ್ತದೆ. ಪಕ್ಕದಲ್ಲಿ ಕುಳಿತ ತಮ್ಮನಿಗೆ ಅದು ಕುಳಿಯೇ. ದೋಷ ಯಾರ ಕಣ್ಣಿನಲ್ಲಿದೆ?
— ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಇಬ್ಬರ ಕಣ್ಣಿನಲ್ಲಿಯೂ ದೋಷವಿಲ್ಲ. ಬೆಳಕು ಯಾವಾಗಲೂ ಮೇಲಿನಿಂದ ಬೀಳುತ್ತದೆ ಎಂಬ ಎಣಿಕೆಯೊಂದು ನಮ್ಮ ಮಿದುಳಿನಲ್ಲಿ ಬೇರೂರಿದೆ. ಚಿತ್ರದಲ್ಲಿ ಬೆಳಕು ಕೆಳಗಿನಿಂದ ಬಂದಿದ್ದರೆ ಮಿದುಳು ಎಣಿಕೆಯನ್ನು ಬದಲಿಸುವುದಿಲ್ಲ, ನೆಲವನ್ನೇ ತಿರುವುಮುರುವು ಮಾಡಿಬಿಡುತ್ತದೆ. ಇದನ್ನು ಪರೀಕ್ಷಿಸಲು ಮಂಗಳಕ್ಕೆ ಹೋಗಬೇಕಾಗಿಲ್ಲ. ಗದ್ದೆಯ ಕೆಸರಿನಲ್ಲಿ ಎತ್ತಿನ ಗೊರಸು ಮೂಡಿಸಿದ ಗುಳಿಗಳನ್ನು ಸಂಜೆಯ ಓರೆಬಿಸಿಲಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದು, ಆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಗುಳಿಗಳೆಲ್ಲ ಉಬ್ಬುಗಳಾಗಿ ಕಾಣುತ್ತವೆ.

ಆದ್ದರಿಂದ ಚಿತ್ರದಲ್ಲಿ ಏನಿದೆ ಎಂದು ಕೇಳುವುದಕ್ಕೆ ಮೊದಲು ಸೂರ್ಯ ಎಲ್ಲಿದ್ದ ಎಂದು ಕೇಳಬೇಕು. ಎಂ.ಆರ್.ಒ. ನೌಕೆಯ ಕಕ್ಷೆಯನ್ನು ಅದು ಹಗಲಿನ ಭಾಗದ ಮೇಲೆ ಹಾಯುವಾಗ ಕೆಳಗಿನ ನೆಲದಲ್ಲಿ ಸುಮಾರು ಮಧ್ಯಾಹ್ನ ಮೂರು ಗಂಟೆಯಾಗಿರುವಂತೆ ಹೊಂದಿಸಲಾಗಿದೆ. ಹೀಗಾಗಿ ಉತ್ತರವನ್ನು ಮೇಲಕ್ಕಿಟ್ಟು ನಕ್ಷೆಗೆ ಹೊಂದಿಸಿದ ಚಿತ್ರಗಳಲ್ಲಿ ಬಿಸಿಲು ಸಾಮಾನ್ಯವಾಗಿ ಎಡಗಡೆಯಿಂದ, ಅಂದರೆ ಪಶ್ಚಿಮದಿಂದ ಬೀಳುತ್ತದೆ. ಋತುವನ್ನೂ ಅಕ್ಷಾಂಶವನ್ನೂ ಅನುಸರಿಸಿ ಅದು ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಯುವುದುಂಟು. ಎಡಗಡೆಯ ಒಳಗೋಡೆ ಕಪ್ಪಾಗಿ ಬಲಗಡೆಯದು ಬೆಳಗಿದ್ದರೆ ಅದು ಕುಳಿ. ಎಡ ಮೈ ಬೆಳಗಿ ಬಲ ಮೈ ಕಪ್ಪಾಗಿದ್ದರೆ ಅದು ದಿಬ್ಬ. ನಕ್ಷೆಗೆ ಹೊಂದಿಸದ ಚಿತ್ರಗಳಲ್ಲಿ ಈ ಸೂತ್ರ ನಡೆಯುವುದಿಲ್ಲವಾದ್ದರಿಂದ ಚಿತ್ರದ ಜೊತೆಗಿರುವ ಮಾಹಿತಿಯಲ್ಲಿ ಸೂರ್ಯನ ದಿಕ್ಕನ್ನು ನೋಡಿಕೊಳ್ಳಬೇಕು. ಕಣ್ಣು ಹಟ ಹಿಡಿದರೆ, ಬೆಳಕು ಮೇಲಿನಿಂದ ಬೀಳುವಂತಾಗುವವರೆಗೆ ಚಿತ್ರವನ್ನು ತಿರುಗಿಸಿರಿ. ಇಲ್ಲವೇ ಖಚಿತವಾಗಿ ಎದ್ದುನಿಂತಿರುವ ಒಂದು ಬಂಡೆಯನ್ನು ಹುಡುಕಿ, ಅದರ ನೆರಳು ಯಾವ ಕಡೆಗೆ ಚಾಚಿದೆ ಎಂಬುದನ್ನು ನೋಡಿ ಉಳಿದುದನ್ನು ಓದಿರಿ.

ಒಂದು ಎಚ್ಚರಿಕೆ: ಕಪ್ಪಾಗಿರುವುದೆಲ್ಲ ನೆರಳಲ್ಲ. ಕುಳಿಗಳ ತಳದಲ್ಲಿ ಗಾಳಿ ತಂದು ಸುರಿದ ಕಪ್ಪು ಮರಳು ಧಾರಾಳವಾಗಿದೆ. ನೆರಳೇ ಹೌದಾದರೆ ಅದರಿಂದ ಎತ್ತರವನ್ನೂ ಅಳೆಯಬಹುದು: ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿರುವಾಗ ಸಮತಟ್ಟು ನೆಲದ ಮೇಲೆ 17 ಮೀಟರ್ ನೆರಳು ಚೆಲ್ಲಿದ ಬಂಡೆಯ ಎತ್ತರ ಸುಮಾರು 10 ಮೀಟರ್. ಪ್ರೌಢಶಾಲೆಯ ತ್ರಿಕೋನಮಿತಿ ಇಷ್ಟಕ್ಕೆ ಸಾಕು. ಇನ್ನೂ ನಿಖರವಾಗಿ ಬೇಕೆಂದರೆ ಅದೇ ಜಾಗವನ್ನು ಬೇರೊಂದು ಸುತ್ತಿನಲ್ಲಿ, ನೌಕೆಯನ್ನು ಸ್ವಲ್ಪ ಓರೆಯಾಗಿಸಿ, ಮತ್ತೊಮ್ಮೆ ತೆಗೆದು, ಎರಡು ಚಿತ್ರಗಳ ವ್ಯತ್ಯಾಸದಿಂದ ಏರುತಗ್ಗುಗಳ ಮಾದರಿಯನ್ನು ರಚಿಸುತ್ತಾರೆ. ಇಳಿಯುವ ನೌಕೆಗಳಿಗೆ ಜಾಗ ಆರಿಸುವುದು ಇಂಥ ಮಾದರಿಗಳನ್ನು ನೋಡಿಯೇ.

ಪ್ರಶ್ನೆ: ಮಂಗಳನ ಮೇಲೆ ಒಬ್ಬ ಮನುಷ್ಯ ನಿಂತಿದ್ದರೆ ಈ ಕ್ಯಾಮೆರಾಕ್ಕೆ ಕಾಣುವನೇ?
— ಶಾಲಾ ಶಿಕ್ಷಕರು, ಹೊಸನಗರ

ಉತ್ತರ: ಅವನಿಗಿಂತ ಅವನ ನೆರಳು ಕಾಣುವ ಸಂಭವ ಹೆಚ್ಚು. ಹೈರೈಸ್ ಕ್ಯಾಮೆರಾದ ಕನ್ನಡಿಯ ವ್ಯಾಸ ಅರ್ಧ ಮೀಟರ್. ಸುಮಾರು 300 ಕಿಲೋಮೀಟರ್ ಎತ್ತರದಿಂದ ತೆಗೆದ ಚಿತ್ರದಲ್ಲಿ ಒಂದು ಪಿಕ್ಸೆಲ್ ನೆಲದ ಮೇಲಿನ 25ರಿಂದ 30 ಸೆಂಟಿಮೀಟರಿಗೆ ಸಮ. ಒಂದು ವಸ್ತುವಿನ ಆಕಾರ ತಿಳಿಯಬೇಕಾದರೆ ಕನಿಷ್ಠ ಮೂರ್ನಾಲ್ಕು ಪಿಕ್ಸೆಲ್‌ಗಳಾದರೂ ಬೇಕು. ಮೇಲಿನಿಂದ ನೋಡಿದರೆ ಮನುಷ್ಯ ಎಂದರೆ ತಲೆ ಮತ್ತು ಹೆಗಲು ಮಾತ್ರ, ಅದು ಎರಡು ಪಿಕ್ಸೆಲ್‌ನಲ್ಲಿ ಮುಗಿದುಹೋಗುತ್ತದೆ. ಕ್ಯೂರಿಯಾಸಿಟಿಯಂಥ ಕಾರಿನ ಗಾತ್ರದ ರೋವರ್ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. 2003ರ ಡಿಸೆಂಬರಿನಲ್ಲಿ ಇಳಿಯಬೇಕಾಗಿದ್ದು ಸುದ್ದಿಯಿಲ್ಲದೆ ಹೋದ ಬ್ರಿಟನ್ನಿನ ಬೀಗಲ್ 2 ನೌಕೆ ಒಡೆಯದೆ ನೆಲ ಮುಟ್ಟಿತ್ತು ಎಂಬುದು 2015ರಲ್ಲಿ ಗೊತ್ತಾದದ್ದು ಇದೇ ಕ್ಯಾಮೆರಾದ ಚಿತ್ರಗಳಿಂದ.

ನೌಕೆ ಸೆಕೆಂಡಿಗೆ ಮೂರು ಕಿಲೋಮೀಟರಿಗಿಂತ ವೇಗವಾಗಿ ಓಡುತ್ತಿರುವಾಗ ಚಿತ್ರ ಅಲುಗದಿರುವುದು ಹೇಗೆ ಎಂದೂ ನೀವು ಕೇಳಿದ್ದೀರಿ. ಕ್ಯಾಮೆರಾ ಒಂದೇ ಏಟಿಗೆ ಇಡೀ ಚಿತ್ರವನ್ನು ತೆಗೆಯುವುದಿಲ್ಲ. ನೌಕೆ ಮುಂದೆ ಸಾಗಿದಂತೆ ಸಾಲು ಸಾಲಾಗಿ ನೆಲವನ್ನು ದಾಖಲಿಸುತ್ತದೆ. ಒಂದು ಸಾಲಿಗೆ ದೊರೆಯುವ ಕಾಲ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು. ಅಷ್ಟರಲ್ಲಿ ಸಿಗುವ ಬೆಳಕು ಸಾಲದಾದ್ದರಿಂದ ಅದೇ ಸಾಲನ್ನು ಒಂದರ ಹಿಂದೆ ಒಂದಾಗಿ 128 ಬಾರಿಯವರೆಗೆ ಸೆರೆಹಿಡಿದು ಕೂಡಿಸುತ್ತಾರೆ. ಇಷ್ಟು ಸೂಕ್ಷ್ಮವಾಗಿ ನೋಡುವುದಕ್ಕೆ ತೆರಬೇಕಾದ ಬೆಲೆಯೂ ಇದೆ: ಚಿತ್ರದ ಪಟ್ಟಿಯ ಅಗಲ ಕೇವಲ 6 ಕಿಲೋಮೀಟರ್. 2006ರಿಂದ ದುಡಿಯುತ್ತಿದ್ದರೂ ಹೈರೈಸ್ ನೋಡಿರುವುದು ಗ್ರಹದ ಅತ್ಯಲ್ಪ ಭಾಗವನ್ನು. ಅದೇ ನೌಕೆಯ ಸಿಟಿಎಕ್ಸ್ ಕ್ಯಾಮೆರಾ ಪಿಕ್ಸೆಲ್ಲಿಗೆ 6 ಮೀಟರಿನಂತೆ, 30 ಕಿಲೋಮೀಟರ್ ಅಗಲದ ಪಟ್ಟಿಗಳಲ್ಲಿ ಹೆಚ್ಚುಕಡಿಮೆ ಇಡೀ ಗ್ರಹವನ್ನು ಸೆರೆಹಿಡಿದಿದೆ. ತರಗತಿಯಲ್ಲಿ ತೋರಿಸಲು ನಾನಾಗಿದ್ದರೆ ಸಿಟಿಎಕ್ಸ್ ಚಿತ್ರಗಳಿಂದಲೇ ಆರಂಭಿಸುತ್ತೇನೆ; ಸುತ್ತಲಿನ ನೆಲ ಗೊತ್ತಿಲ್ಲದೆ ಒಂದು ಬಂಡೆಯನ್ನು ದಿಟ್ಟಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಮಂಗಳನ ಕೆಂಪು ನಮ್ಮ ಜಂಬಿಟ್ಟಿಗೆಯ ಕೆಂಪೇ? ಹಾಗಿದ್ದರೆ ಕೆಲವು ಚಿತ್ರಗಳಲ್ಲಿ ಮರಳುದಿಬ್ಬಗಳು ನೀಲಿಯಾಗಿರುವುದೇಕೆ?
— ಕೃಷಿಕರು, ಸಾಗರ

ಉತ್ತರ: ಎರಡಕ್ಕೂ ಬಣ್ಣ ಕೊಟ್ಟದ್ದು ಕಬ್ಬಿಣದ ಆಕ್ಸೈಡುಗಳು, ಅಲ್ಲಿಗೆ ಹೋಲಿಕೆ ಮುಗಿಯಿತು. ಜಂಬಿಟ್ಟಿಗೆ ಆದದ್ದು ಬಿಸಿ ಹವೆಯಲ್ಲಿ ಬಹುಕಾಲ ಸುರಿದ ಮಳೆ ಬಂಡೆಯೊಳಗಿನ ಸಿಲಿಕವನ್ನು ಕರಗಿಸಿ ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶವನ್ನು ಉಳಿಸಿದ್ದರಿಂದ. ಮಂಗಳನ ಕೆಂಪು ಬಹುಮಟ್ಟಿಗೆ ಮೇಲೆ ಕೂತ ನವಿರಾದ ಧೂಳಿನದು. ಅದರ ಅಡಿಯಲ್ಲಿ ಹಲವೆಡೆ ಇರುವುದು ಕಪ್ಪು ಬಸಾಲ್ಟ್ ಶಿಲೆ ಮತ್ತು ಆ ಶಿಲೆಯ ಪುಡಿ. ಗಾಳಿ ಧೂಳನ್ನು ಗುಡಿಸಿಕೊಂಡು ಹೋದಲ್ಲಿ ಈ ಕಪ್ಪು ಹೊರಬೀಳುತ್ತದೆ.

ನೀಲಿ ಎಂಬುದು ಕಣ್ಣಿಗೆ ಕಾಣುವ ಬಣ್ಣವಲ್ಲ. ಹೈರೈಸ್ ಮೂರು ಬಗೆಯ ಬೆಳಕನ್ನು ದಾಖಲಿಸುತ್ತದೆ: ನೀಲಿ-ಹಸಿರು, ಕೆಂಪು, ಮತ್ತು ಕಣ್ಣಿಗೆ ಕಾಣದ ಅವಕೆಂಪು. ಚಿತ್ರ ಸಿದ್ಧಪಡಿಸುವಾಗ ಅವಕೆಂಪನ್ನು ಕೆಂಪಾಗಿ, ಕೆಂಪನ್ನು ಹಸಿರಾಗಿ, ನೀಲಿ-ಹಸಿರನ್ನು ನೀಲಿಯಾಗಿ ತೋರಿಸಿ, ವ್ಯತ್ಯಾಸ ಎದ್ದುಕಾಣುವಂತೆ ಹಿಗ್ಗಿಸುತ್ತಾರೆ. ಆಗ ಬಸಾಲ್ಟ್ ಮರಳು ನೀಲಿಯಾಗಿ, ಧೂಳು ಹಳದಿ-ಕಂದಾಗಿ ಕಾಣುತ್ತದೆ. ಶಿಲೆಗಳನ್ನು ಬೇರ್ಪಡಿಸಿ ನೋಡುವವರಿಗೆ ಇದು ಬಹಳ ಉಪಯುಕ್ತ. ಆದರೆ ಇಂಥ ಚಿತ್ರಗಳನ್ನು ಯಾವ ವಿವರಣೆಯೂ ಇಲ್ಲದೆ ‘ಮಂಗಳನ ನೀಲಿ ಮರುಭೂಮಿ’ ಎಂದು ಹಂಚುವುದು ಸರಿಯಲ್ಲ.

ಪ್ರಶ್ನೆ: ಮಂಗಳನ ಮೇಲೆ ಕೆತ್ತಿದ ಮನುಷ್ಯಮುಖದ ಚಿತ್ರವನ್ನು ಮುಚ್ಚಿಡಲಾಗಿದೆಯೇ?
— ಓದುಗರು, ಭದ್ರಾವತಿ

ಉತ್ತರ: ಇಲ್ಲ. 1976ರ ಜುಲೈನಲ್ಲಿ ವೈಕಿಂಗ್ 1 ಅದನ್ನು ತೆಗೆದ ಕೆಲವೇ ದಿನಗಳಲ್ಲಿ ನಾಸಾ ತಾನಾಗಿಯೇ ಪ್ರಕಟಿಸಿತು. 1998 ಮತ್ತು 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ತೆಗೆದ ಸ್ಪಷ್ಟ ಚಿತ್ರಗಳಲ್ಲಿ ಅದು ಸವೆದ ಒಂದು ಗುಡ್ಡ. ಓರೆಬಿಸಿಲು ಮತ್ತು ದೊಡ್ಡ ಪಿಕ್ಸೆಲ್ ಸೇರಿ ಮುಖವನ್ನು ಮಾಡಿದ್ದವು.

ಪ್ರಶ್ನೆ: ಮಂಗಳನಲ್ಲಿ ಇಂದಿಗೂ ನೀರು ಹರಿಯುತ್ತಿದೆ ಎಂದು 2015ರಲ್ಲಿ ಪತ್ರಿಕೆಗಳಲ್ಲಿ ಓದಿದ್ದೆ. ಅನಂತರ ಆ ಮಾತೇ ಇಲ್ಲ. ಏನಾಯಿತು?
— ನಿವೃತ್ತ ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಕಡಿದಾದ ಇಳಿಜಾರುಗಳಲ್ಲಿ ಬೇಸಿಗೆಯಲ್ಲಿ ಮೂಡಿ, ಕೆಳಮುಖವಾಗಿ ಬೆಳೆದು, ಚಳಿ ಬಂದೊಡನೆ ಮಾಸುವ ಕಪ್ಪು ಗೆರೆಗಳನ್ನು ಹೈರೈಸ್ ತಂಡ 2011ರಲ್ಲಿ ವರದಿ ಮಾಡಿತು. ಒಂದೇ ಜಾಗವನ್ನು ಋತುವಿನಿಂದ ಋತುವಿಗೆ ಮತ್ತೆ ಮತ್ತೆ ಚಿತ್ರಿಸಿದ್ದರಿಂದಲೇ ಇದು ತಿಳಿಯಿತು. ಒಂದೇ ಚಿತ್ರದಲ್ಲಿ ಅವು ಕೇವಲ ಗೆರೆಗಳು. ಋತುವಿನೊಂದಿಗೆ ಬಂದುಹೋಗುವ ಗೆರೆಗೆ ಉಪ್ಪುನೀರು ಕಾರಣವಿರಬೇಕೆಂಬ ಊಹೆ ಸಹಜವಾಗಿಯೇ ಹುಟ್ಟಿತು. 2015ರಲ್ಲಿ ಎಂ.ಆರ್.ಒ. ನೌಕೆಯ ರೋಹಿತಮಾಪಕ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಉಪಕರಣ) ಅಂಥ ಸ್ಥಳಗಳಲ್ಲಿ ನೀರಿನಂಶ ಹಿಡಿದ ಲವಣಗಳನ್ನು ಕಂಡಿತೆಂದು ಪ್ರಬಂಧ ಬಂತು, ಸುದ್ದಿಯಾಯಿತು.

ತೊಡಕು ಅಳತೆಯಲ್ಲಿತ್ತು. ಗೆರೆಗಳ ಅಗಲ ಹೆಚ್ಚೆಂದರೆ 5 ಮೀಟರ್. ರೋಹಿತಮಾಪಕದ ಒಂದು ಪಿಕ್ಸೆಲ್ ಸುಮಾರು 18 ಮೀಟರ್. ಗೆರೆಯೊಳಗಿನ ಲವಣವನ್ನು ಗೆರೆಗಿಂತ ಮೂರು ನಾಲ್ಕು ಪಟ್ಟು ಅಗಲದ ಚೌಕದಲ್ಲಿ ಹುಡುಕಬೇಕಾಗಿತ್ತು, ಮತ್ತು ಅಲ್ಲಿ ಕಂಡ ಗುರುತುಗಳಲ್ಲಿ ಕೆಲವು ದತ್ತಾಂಶವನ್ನು ಸಂಸ್ಕರಿಸುವಾಗ ಉಂಟಾಗುವ ಹುಸಿ ಗುರುತುಗಳಾಗಿರಬಹುದೆಂದು ಮುಂದೆ ತೋರಿಸಲಾಯಿತು. 2017ರಲ್ಲಿ ಏರುತಗ್ಗುಗಳ ಮಾದರಿಗಳನ್ನಿಟ್ಟು ಅಳೆದಾಗ, ಗೆರೆಗಳು ಒಣ ಮರಳು ಜಾರಲು ಬೇಕಾದಷ್ಟು ಕಡಿದಾದ ಇಳಿಜಾರಿನಲ್ಲಿ ಮಾತ್ರ ಇದ್ದು, ಇಳಿಜಾರು ತಗ್ಗಿದೊಡನೆ ನಿಲ್ಲುತ್ತವೆ ಎಂದು ಕಂಡುಬಂತು. ನೀರಾಗಿದ್ದರೆ ಅದು ತಗ್ಗು ಇಳಿಜಾರಿನಲ್ಲಿಯೂ ಮುಂದೆ ಹರಿಯಬೇಕಾಗಿತ್ತು. ಒಣ ಮರಳೇ ಆದರೆ ಅದು ಋತುವನ್ನು ಏಕೆ ಅನುಸರಿಸುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ದೊರೆತಿಲ್ಲ. ನನ್ನ ಮಟ್ಟಿಗೆ 2017ರ ವಾದ ಹೆಚ್ಚು ಗಟ್ಟಿಯಾದುದು.

ಪುರಾತನ ಕಾಲದ ನೀರಿನ ವಿಷಯ ಬೇರೆ. ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. 45 ಕಿಲೋಮೀಟರ್ ಅಗಲದ ಯೆಝೆರೊ ಕುಳಿಗೆ ಒಳಬರುವ ಕಣಿವೆಗಳೂ ಇವೆ, ಹೊರಹೋಗುವ ಕಣಿವೆಯೂ ಇದೆ, ಒಳಬರುವಲ್ಲಿ ಕವಲೊಡೆದ ಮುಖಜಭೂಮಿಯೂ ಇದೆ. ಹೊರಹೋಗುವ ಕಣಿವೆ ಇರಬೇಕಾದರೆ ಕುಳಿ ಒಮ್ಮೆ ತುಂಬಿ ಕೋಡಿ ಬಿದ್ದಿರಬೇಕು. ಪರ್ಸಿವಿಯರೆನ್ಸ್ ರೋವರ್ 2021ರ ಫೆಬ್ರವರಿಯಲ್ಲಿ ಅಲ್ಲಿಯೇ ಇಳಿದದ್ದು ಈ ಕಾರಣಕ್ಕೆ.

ಪ್ರಶ್ನೆ: ಜೂನ್‌ನಿಂದ ನಮ್ಮ ಊರಿನ ಉಪಗ್ರಹ ಚಿತ್ರಗಳಲ್ಲಿ ಮೋಡವಲ್ಲದೆ ಬೇರೇನೂ ಇರುವುದಿಲ್ಲ. ಮಂಗಳನಲ್ಲಿ ಈ ತೊಂದರೆ ಇಲ್ಲವೇ?
— ಓದುಗರು, ಆಗುಂಬೆ

ಉತ್ತರ: ಅಲ್ಲಿ ಮಳೆಗಾಲವಿಲ್ಲ, ಧೂಳುಗಾಲವಿದೆ. ದಕ್ಷಿಣಾರ್ಧದ ವಸಂತ ಮತ್ತು ಬೇಸಿಗೆಯಲ್ಲಿ ಗ್ರಹ ಸೂರ್ಯನಿಗೆ ಹತ್ತಿರವಿರುವುದರಿಂದ ಬಿರುಗಾಳಿಗಳು ಏಳುತ್ತವೆ, ಕೆಲವು ವರ್ಷ ಇಡೀ ಗ್ರಹವನ್ನೇ ಮುಚ್ಚುತ್ತವೆ. 1971ರ ನವೆಂಬರಿನಲ್ಲಿ ಮ್ಯಾರಿನರ್ 9 ತಲುಪಿದಾಗ ಹೀಗೆಯೇ ಆಗಿತ್ತು. ಬೇರೊಂದು ಗ್ರಹದ ಕಕ್ಷೆಗೆ ಸೇರಿದ ಆ ಮೊದಲ ನೌಕೆಗೆ ಕಂಡದ್ದು ಧೂಳಿನ ಮೇಲೆ ತಲೆಯೆತ್ತಿದ ನಾಲ್ಕು ಕಪ್ಪು ಕಲೆಗಳು ಮಾತ್ರ. ಅದೇ ಹೊತ್ತಿಗೆ ತಲುಪಿದ ಸೋವಿಯತ್ ನೌಕೆಗಳಾದ ಮಾರ್ಸ್ 2 ಮತ್ತು ಮಾರ್ಸ್ 3 ಮೊದಲೇ ಹಾಕಿಕೊಟ್ಟ ಕಾರ್ಯಕ್ರಮದಂತೆ ಧೂಳಿನ ಚಿತ್ರಗಳನ್ನೇ ತೆಗೆದವು. ಮ್ಯಾರಿನರ್ 9ರ ಕಂಪ್ಯೂಟರಿಗೆ ಭೂಮಿಯಿಂದ ಹೊಸ ಆದೇಶ ಕಳುಹಿಸಬಹುದಾಗಿದ್ದುದರಿಂದ ಅದನ್ನು ಕಾಯಿಸಿದರು. ಧೂಳು ಇಳಿದ ಮೇಲೆ ಆ ಕಲೆಗಳು ಜ್ವಾಲಾಮುಖಿಗಳೆಂದು ತಿಳಿಯಿತು. ಅವುಗಳಲ್ಲೊಂದು ಸುಮಾರು 22 ಕಿಲೋಮೀಟರ್ ಎತ್ತರದ ಒಲಿಂಪಸ್ ಮಾನ್ಸ್. 1972ರ ಅಕ್ಟೋಬರಿನವರೆಗೆ ಮ್ಯಾರಿನರ್ 9 ಕಳುಹಿಸಿದ ಚಿತ್ರಗಳು 7,329.

ಧೂಳಿನ ಅಲೆಯನ್ನು ಇಡಿಯಾಗಿ ನೋಡಲು ದೂರ ಹೋಗಬೇಕು. ಇಸ್ರೊದ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಸೇರಿದ ಕಕ್ಷೆ ಗ್ರಹದಿಂದ ಸುಮಾರು 77,000 ಕಿಲೋಮೀಟರಿನವರೆಗೆ ಚಾಚಿತ್ತಾದ್ದರಿಂದ ಅದರ ಬಣ್ಣದ ಕ್ಯಾಮೆರಾಕ್ಕೆ ಪೂರ್ಣ ಗೋಳ ಒಂದೇ ಚೌಕಟ್ಟಿನಲ್ಲಿ ದೊರೆಯುತ್ತಿತ್ತು. ಆ ನೌಕೆಯ ಕೆಲಸ 2022ರಲ್ಲಿ ಮುಗಿಯಿತು. ಅಂದಹಾಗೆ, ಆಗುಂಬೆಯ ಮೋಡದ ಕೆಳಗಿನ ನೆಲವನ್ನು ರಿಸ್ಯಾಟ್‌ನಂಥ ರೇಡಾರ್ ಉಪಗ್ರಹಗಳು ಮಳೆಗಾಲದಲ್ಲಿಯೂ ನೋಡಬಲ್ಲವು.

ಪ್ರಶ್ನೆ: ಮಂಗಳನ ಕುಳಿಯೊಂದಕ್ಕೆ ತೀರ್ಥಹಳ್ಳಿಯ ಹೆಸರಿಡಲು ಯಾರಿಗೆ ಅರ್ಜಿ ಹಾಕಬೇಕು?
— ಪ್ರೌಢಶಾಲಾ ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಹೆಸರುಗಳನ್ನು ಅನುಮೋದಿಸುವುದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ. ದೊಡ್ಡ ಕುಳಿಗಳಿಗೆ ಮುಖ್ಯವಾಗಿ ಗತಿಸಿದ ವಿಜ್ಞಾನಿಗಳ ಹೆಸರು, ಸಣ್ಣ ಕುಳಿಗಳಿಗೆ ಭೂಮಿಯ ಮೇಲಿನ, ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಹೆಸರು. 2024ರ ಜೂನಿನಲ್ಲಿ ಭಾರತದ ಭೌತವಿಜ್ಞಾನಿ ದೇವೇಂದ್ರ ಲಾಲ್ ಅವರ ಹೆಸರಿನ ಕುಳಿಗೂ, ಅದರ ಅಂಚಿನಲ್ಲಿರುವ, ಉತ್ತರ ಪ್ರದೇಶದ ಮುರ್ಸಾನ್ ಮತ್ತು ಬಿಹಾರದ ಹಿಲ್ಸಾ ಊರುಗಳ ಹೆಸರಿನ ಎರಡು ಸಣ್ಣ ಕುಳಿಗಳಿಗೂ ಒಪ್ಪಿಗೆ ದೊರೆಯಿತು. ಜನಸಂಖ್ಯೆಯ ಲೆಕ್ಕದಲ್ಲಿ ತೀರ್ಥಹಳ್ಳಿಗೆ ಅಡ್ಡಿಯಿಲ್ಲ. ಮೂರು ಲಕ್ಷ ದಾಟಿದ ಶಿವಮೊಗ್ಗ ನಗರಕ್ಕೆ ಅವಕಾಶವಿಲ್ಲ. ಆದರೆ ಊರಿನ ಗೌರವಾರ್ಥವಾಗಿ ಹೆಸರಿಡುವ ಪದ್ಧತಿ ಅಲ್ಲಿಲ್ಲ. ಒಂದು ಕುಳಿಯನ್ನು ಅಧ್ಯಯನ ಮಾಡುತ್ತಿರುವವರು, ಪ್ರಬಂಧದಲ್ಲಿ ಅದನ್ನು ಗುರುತಿಸಲು ಹೆಸರಿನ ಅಗತ್ಯವಿದೆ ಎಂದು ತೋರಿಸಿ, ಆ ಹೆಸರನ್ನು ಸೂಚಿಸಬೇಕು. ಆದ್ದರಿಂದ ಇನ್ನೂ ಹೆಸರಿಲ್ಲದ ಒಂದು ಕುಳಿಯನ್ನು ಮೊದಲು ಆರಿಸಿಕೊಳ್ಳಿ, ಸಿಟಿಎಕ್ಸ್ ಚಿತ್ರದಲ್ಲಿ ಅದರ ಅಂಚು, ತಳ, ಸುತ್ತ ಸಿಡಿದ ಕಲ್ಲುಮಣ್ಣಿನ ಹರಹು ಇವನ್ನು ಅಳೆದು ಬರೆಯಲು ತೊಡಗಿರಿ. ಅರ್ಜಿ ಅದರ ಅನಂತರ.