ಮಗಳು ಊಟ ಬಿಟ್ಟಿದಾಳೆ, ಮಗ ಜರ್ಕಿನ್ ಬಿಚ್ಚಲ್ಲ

ಪ್ರಶ್ನೆ: ಮೇಡಂ, ನಾವು ಗೋಣಿಕೊಪ್ಪ ಹತ್ರದವರು. ಮಗಳಿಗೆ 12 ವರ್ಷ, ಪುತ್ತರಿ ಹಬ್ಬಕ್ಕೆ ಬಂದ ನೆಂಟ್ರು ಯಾರೋ "ಏನೇ ಇಷ್ಟು ದಪ್ಪ ಆಗಿದೀಯ" ಅಂದಿದ್ದೇ ತಡ, ರಾತ್ರಿ ಊಟ ಬಿಟ್ಟುಬಿಟ್ಟಿದಾಳೆ. ಮಗನಿಗೆ 14, ಅವನದೇನೂ ತಲೆನೋವಿಲ್ಲ, ಜಿಮ್ಮಿಗೆ ಸೇರಿಸು, ಪ್ರೋಟೀನ್ ಪೌಡರ್ ಕೊಡ್ಸು ಅಂತಾನೆ, ಬಿಸಿಲಲ್ಲೂ ಜರ್ಕಿನ್ ಬಿಚ್ಚಲ್ಲ ಅಷ್ಟೇ. ಮಗಳಿಗೆ ಏನ್ ಮಾಡ್ಲಿ?

ಉತ್ತರ: ಮಗಳ ವಿಷಯ ಹೇಳ್ತೀನಿ, ಆದ್ರೆ ನನಗೆ ಆ ಜರ್ಕಿನ್ ಮೇಲೇ ಜಾಸ್ತಿ ಅನುಮಾನ.

ಹೆಣ್ಮಕ್ಕಳು ಸಾಮಾನ್ಯವಾಗಿ 12ರ ಆಸುಪಾಸಲ್ಲಿ ಜೋರಾಗಿ ಉದ್ದ ಆಗ್ತಾರೆ, ಅದರ ಜೊತೆಗೇ ಸೊಂಟ ತೊಡೆ ತುಂಬ್ಕೊಳ್ಳುತ್ತೆ, ಅದು ಹಾರ್ಮೋನ್ ಕೆಲಸ, ತಿಂದಿದ್ದು ಹೆಚ್ಚಾಗಿ ಅಲ್ಲ. ಅವಳಿಗೆ ಇದನ್ನ ಬಿಡಿಸಿ ಹೇಳಿ, ಆ ನೆಂಟ್ರಿಗೂ ಮುಖಕ್ಕೇ ಹೇಳಿ. ತೂಕ ಇಳೀತಿದ್ರೆ, ತಲೆ ಸುತ್ತಿದ್ರೆ, ಬರ್ತಿದ್ದ ಮುಟ್ಟು ನಿಂತ್ರೆ, ಊಟ ಆದ್ಮೇಲೆ ಬಾತ್‌ರೂಮಲ್ಲಿ ವಾಂತಿ ಮಾಡ್ತಿದ್ರೆ ಕಾಯ್ಬೇಡಿ, ಡಾಕ್ಟರ್ ಹತ್ರ ಹೋಗಿ.

ಈಗ ಮಗ. ಹುಡುಗಿಗೆ ಸಣ್ಣ ಆಗ್ಬೇಕು, ಹುಡುಗನಿಗೆ ಕಟ್ಟುಮಸ್ತಾಗ್ಬೇಕು, ಸಂಕಟ ಒಂದೇ, ಆದ್ರೆ ಅವಳು ಊಟ ಬಿಟ್ರೆ ಮನೆಯವರಿಗೆ ಗಾಬರಿ, ಇವನು ಜಿಮ್ ಅಂದ್ರೆ ಎಲ್ಲರೂ ಭೇಷ್ ಅಂತಾರೆ. ಹುಡುಗರು ಉದ್ದ ಆಗೋದು ಸುಮಾರು ಎರಡು ವರ್ಷ ತಡ, ಕ್ಲಾಸಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತೆ, ಪಕ್ಕದವನಿನ್ನೂ ಮಗು ಥರ ಇರ್ತಾನೆ, ಹಾಕಿ ಆಡೋಕೆ ಜೆರ್ಸಿ ಹಾಕ್ಕೊಳ್ಳುವಾಗ ಇದೆಲ್ಲ ಕಾಣುತ್ತಲ್ಲ. ಇನ್ನೊಂದು, ಈ ವಯಸ್ಸಲ್ಲಿ ಸುಮಾರು ಅರ್ಧದಷ್ಟು ಹುಡುಗರಿಗೆ ಮೊಲೆತೊಟ್ಟಿನ ಕೆಳಗೆ ಅಂಗಿ ಗುಂಡಿ ಥರ ಗಟ್ಟಿಯಾಗಿ ಊದಿಕೊಳ್ಳುತ್ತೆ, ಮುಟ್ಟಿದ್ರೆ ನೋವು. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತೆ, ಆದ್ರೆ ಇದನ್ನ ಯಾರೂ ಹೇಳಿರಲ್ಲ, ಹಾಗಾಗಿ ಮುಚ್ಕೊಂಡು ಓಡಾಡ್ತಾರೆ, ಅದೂ ನಮ್ಮ ಕೊಡಗಿನ ಚಳಿ ಮಳೇಲಿ ಜರ್ಕಿನ್ ಯಾಕೆ ಅಂತ ಯಾರು ಕೇಳ್ತಾರೆ! ನಿಮ್ಮ ಮಗನದು ಇದೇ ಅಂತ ಹೇಳ್ತಿಲ್ಲ, ಅವರಪ್ಪ ಒಂದ್ಸಲ ನಿಧಾನಕ್ಕೆ ಕೇಳ್ಲಿ.

ಪೌಡರ್ ಬೇಡ, ಮೊಟ್ಟೆ, ಮೀನು, ಕಾಳು ಸಾಕು. ಜಿಮ್ಮಲ್ಲಿ ಯಾರಾದ್ರೂ ಸ್ಟೀರಾಯ್ಡ್ ಮಾತ್ರೆ ಇಂಜೆಕ್ಷನ್ ಅಂತ ಕೊಟ್ರೆ ಮುಟ್ಟಕೂಡದು, ಮೂಳೆಯ ಬೆಳವಣಿಗೆ ಬೇಗ ನಿಂತು ಅವನು ಕುಳ್ಳಗೇ ಉಳೀಬಹುದು. ಇಬ್ಬರಲ್ಲಿ ಯಾರಾದ್ರೂ ಮಂಕಾಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.