ಭದ್ರಾವತಿ ಆಕಾಶವಾಣಿ: ಕ್ಯಾಸೆಟ್ಟಿನ ಕಾಲ ಪತ್ತೆ
ರೇಡಿಯೊದಿಂದ ಧ್ವನಿಮುದ್ರಿಸಿಕೊಂಡ ಹಳೆಯ ಎರಡು ಕ್ಯಾಸೆಟ್ಟುಗಳು ಯಾವ ಕಾಲದವು ಎಂಬುದು ಪ್ರಶ್ನೆ. ಅವುಗಳಲ್ಲಿ ಭದ್ರಾವತಿ ಕೇಂದ್ರದ ಮೀಟರ್ ಸಂಖ್ಯೆ (ತರಂಗಾಂತರ) ಬೇರೆ ಬೇರೆ ಕೇಳಿಸುವುದಕ್ಕೆ ಬಹುಶಃ 1978ರ ಬದಲಾವಣೆಯೇ ಕಾರಣ. ಆ ವರ್ಷದ ನವೆಂಬರ್ 23ರಿಂದ ಮಧ್ಯಮ ತರಂಗದ ಕಂಪನಾಂಕಗಳ ನಡುವಿನ ಅಂತರ 10 ಕಿಲೋಹರ್ಟ್ಸ್ ಇದ್ದದ್ದು 9ಕ್ಕೆ ಇಳಿಯಿತು; ಅಂದರೆ 10ರ ಗುಣಕಗಳ ಬದಲು 9ರ ಗುಣಕಗಳು ಬಂದವು.

ಮೊದಲು ಉದ್ಘೋಷಕರು ಹೇಳುವ ಮೀಟರ್ ಬರೆದುಕೊಳ್ಳಿ. 300000ವನ್ನು ಅದರಿಂದ ಭಾಗಿಸಿದರೆ ಕಿಲೋಹರ್ಟ್ಸ್ ಸಿಗುತ್ತದೆ: 444.4 ಮೀಟರ್ ಅಂದರೆ 675. ಇದು 9ರ ಗುಣಕ, ಹಾಗಾಗಿ ಆ ಧ್ವನಿಮುದ್ರಣ ಬದಲಾವಣೆಯ ನಂತರದ್ದು. ಕೊನೆಯಲ್ಲಿ ಸೊನ್ನೆ ಬಂದರೆ ಸಾಮಾನ್ಯವಾಗಿ ಮೊದಲಿನದು. ಬೇರೆ ಕೇಂದ್ರಗಳಿಗೆ 630, 720 ಬಂದರೆ ಮಾತ್ರ ಈ ಲೆಕ್ಕ ನಡೆಯದು, ಅವು 9, 10 ಎರಡರ ಗುಣಕಗಳೂ ಹೌದು.

ನಾಟಕ, ಸಂದರ್ಶನ ಮರುಪ್ರಸಾರವಾಗಿರಬಹುದು. ಕೇಂದ್ರದ ಹೆಸರು ಹೇಳುವ ಘೋಷಣೆಯನ್ನಷ್ಟೇ ನಂಬಿ. ಅದೇ ಬದಿಯಲ್ಲಿ ಪ್ರದೇಶ ಸಮಾಚಾರ ಸಿಕ್ಕರೆ ಮಂತ್ರಿಗಳ ಹೆಸರು ಹಿಡಿದು ವರ್ಷವನ್ನು ಇನ್ನಷ್ಟು ಹತ್ತಿರಕ್ಕೆ ತರಬಹುದು.